ತಪ್ಪು ಒಪ್ಪು
(‘ಅಡಿಗೆರೆ’ ಪ್ರಕಾಶನದ ಐವತ್ತರ ಸಂಪುಟಕ್ಕೆ)

ಸಂಪುಟ ಚೆನ್ನಾಗಿ ಬಂದಿದೆ. ರಟ್ಟು ಗಟ್ಟಿ, ಹೊಲಿಗೆ ಬಿಗಿ.
ಕರಡು ನನಗೆ ಕಳಿಸಲಿಲ್ಲ, ಅಷ್ಟೆ.
ಮೂವತ್ತೆರಡು ವರ್ಷ ತಿದ್ದಿದ ಕೈ
ಸುಮ್ಮನೆ ಮಡಿಲಲ್ಲಿ ಕೂರುವುದಿಲ್ಲ.
ಅದಕ್ಕೇ ಈ ಹಾಳೆ. ಕೊನೆಗೆ ಅಂಟಿಸಿಕೊಳ್ಳಿ,
ಮೈದಾ ಅಂಟು ಸಾಕು.

ಪುಟ ಮೂರು. ‘ಸ್ವಂತ ಬಂಡವಾಳದಿಂದ’ ಎಂದಿರುವಲ್ಲಿ
‘ಸರ್ವಮಂಗಳಮ್ಮನವರ ಸಂಬಳದಿಂದ’ ಎಂದು ಓದಿಕೊಳ್ಳುವುದು.
ಒಂಟಿಕೊಪ್ಪಲಿನ ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದರು.
ಒಂದನೇ ತಾರೀಖು ಕವರು ಒಡೆಯದೆ
ಕಾಗದದ ಮಂಡಿಗೆ ಹೋಗುತ್ತಿತ್ತು.
ಒಮ್ಮೆ ಕೇಳಿದರು, ನನ್ನನ್ನೇ, ಗಂಡನನ್ನಲ್ಲ:
‘ಅಲ್ವೇ, ಆ ಶಾಸನದ ಪುಸ್ತಕ ಯಾರಾದ್ರೂ ಓದ್ತಾರಾ?’
ನಾನು ಓದಿದ್ದೆ, ನಾಲ್ಕು ಸಲ.
ಅದು ಲೆಕ್ಕಕ್ಕಿಲ್ಲ ಎಂದರು.

ಪುಟ ಒಂಬತ್ತು. ಲೂರ್ದಮ್ಮನ ಹೆಸರು
‘ಮತ್ತಿತರರು’ ಎಂದು ತಪ್ಪಾಗಿ ಅಚ್ಚಾಗಿದೆ.
ಶಿವರಾಂಪೇಟೆಯ ಓಣಿ, ಕೆಳಗೆ ಬೀಗದಂಗಡಿ,
ಮೇಲೆ ಕಾಲಲ್ಲಿ ತುಳಿಯುವ ಯಂತ್ರ.
ಶಾಸನಗಳಿಗೆ ೞ ಬೇಕಿತ್ತು,
ನಾಲಗೆಯಿಂದ ಜಾರಿ ಎಷ್ಟೋ ಶತಮಾನವಾದ ಅಕ್ಷರ.
ಫೌಂಡ್ರಿಯವನು ನಮ್ಮ ಕಾಗದಕ್ಕೆ ಉತ್ತರ ಬರೆಯಲಿಲ್ಲ.
ಲೂರ್ದಮ್ಮ ಸವೆದ ಮೊಳೆಗಳನ್ನು ಅರದಿಂದ ಉಜ್ಜಿ,
ಬ್ಲೇಡಿನಿಂದ ಕೆತ್ತಿ, ಕನ್ನಡಿಗೆ ಹಿಡಿದು ನೋಡಿ,
ದೂರದ ಚರ್ಚಿನ ಗಂಟೆಗೆ ಶಿಲುಬೆ ಗುರುತು ಹಾಕಿಕೊಂಡು ಮತ್ತೆ ಉಜ್ಜಿ
ಹನ್ನೊಂದು ೞ ಮಾಡಿದಳು.
ಹನ್ನೊಂದೇ. ಹನ್ನೆರಡನೆಯದು ಬೇಕಾದ ಪುಟಕ್ಕೆ
ಒಮ್ಮೆ ಅಚ್ಚು ಹಾಕಿ, ಒಣಗಿಸಿ, ಮೊಳೆ ಕಿತ್ತು ಬೇರೆಡೆ ಜೋಡಿಸಿ
ಅದೇ ಹಾಳೆಯನ್ನು ಇನ್ನೊಮ್ಮೆ ತುಳಿಯಬೇಕು.
ಆ ಪುಸ್ತಕದ ೮೭ನೇ ಪುಟ ತೆರೆಯಿರಿ:
ಕೊನೆಯ ಸಾಲಿನ ‘ಬಾೞ್’ ಕೂದಲೆಳೆಯಷ್ಟು ಕೆಳಗೆ ಕೂತಿದೆ.
ಅದು ತಪ್ಪಲ್ಲ. ತಿದ್ದಬೇಡಿ.

ಪುಟ ಹದಿನಾಲ್ಕು. ‘ಸರ್ಕಾರದ ನೆರವು ದೊರೆಯಲಿಲ್ಲ.’
ದೊರೆಯಿತು. ಬೇಡವೆಂದರು.
ಸಾವಿರ ಪ್ರತಿ ಕೊಳ್ಳುತ್ತೇವೆ, ಸಚಿವರದೊಂದು ಮುನ್ನುಡಿ ಇರಲಿ,
ಗೇಣಿಯ ಅಧ್ಯಾಯ ಮಾತ್ರ ಸ್ವಲ್ಪ—
ಬಂದವರು ಬೆರಳು ಮಡಚಿ ತೋರಿಸಿದರು.
ವೃಷಭೇಂದ್ರಯ್ಯ ಕಾಫಿ ಕೊಟ್ಟು ಕಳಿಸಿದರು.
ವಾರದೊಳಗೆ ಅವರ ಜಾವಾ ಬೈಕು
ಬನ್ನೂರಿನ ಬೆಲ್ಲದ ವ್ಯಾಪಾರಿಯ ಪಾಲಾಯಿತು.
ಆಮೇಲೆ ಸೈಕಲ್ಲು. ಮಾರುಕಟ್ಟೆ ಬೀದಿಯಲ್ಲಿ ಆ ಸದ್ದು ಕೇಳಿದರೆ
ಮಾತು ನಿಲ್ಲಿಸಿ, ತಲೆ ತಿರುಗಿಸದೆ,
ದಾಟಿಹೋಗಲೆಂದು ಕಾಯುತ್ತಿದ್ದರು.

(ಅವರನ್ನು ‘ಧೀರೋದಾತ್ತ’ ಎನ್ನುತ್ತದೆ ಮುಂದಿನ ಪುಟ. ತೆಗೆದುಹಾಕಿ.
ಸಂಭಾವನೆ ಕೇಳಲು ಬಂದ ಲೇಖಕರನ್ನು ಕಂಡು
ಹಿಂಬಾಗಿಲಿಂದ ಜಾರಿಕೊಂಡದ್ದೂ ಉಂಟು.
ನನಗೆ ಬರಬೇಕಾದ್ದು ಏಳು ತಿಂಗಳು. ಇದನ್ನೂ ಅಚ್ಚು ಹಾಕಿ.)

ಪುಟ ಇಪ್ಪತ್ತು. ‘ಅಪಾರ ಓದುಗರು.’
ಐನೂರು ಪ್ರತಿ. ಮೊದಲ ವರ್ಷ ಅರವತ್ತೊಂದು ಹೋದವು.
ಮಿಕ್ಕವು ಮೆಟ್ಟಿಲ ಕೆಳಗೆ. ಗೆದ್ದಲು
ಅಡಿಟಿಪ್ಪಣಿ ಬಿಟ್ಟು ಮೇಲಿನದನ್ನಷ್ಟೇ ತಿಂದಿತ್ತು.
ಎಂಟನೇ ವರ್ಷ ನಾಗಮಂಗಲದಿಂದ ಒಂದು ಕಾರ್ಡು,
ಯಾರೋ ಹೈಸ್ಕೂಲು ಮೇಷ್ಟ್ರು, ಸಹಿ ಅರ್ಥವಾಗದು:
‘ಪುಟ ೨೧೪, ಅಡಿಟಿಪ್ಪಣಿಯ ಶಕವರ್ಷ ತಪ್ಪಿದೆ.
ಕಲ್ಲು ನಮ್ಮ ಕೆರೆಯ ತೂಬಿನ ಹತ್ತಿರವೇ ಇದೆ.
ಬೆರಳಾಡಿಸಿ ನೋಡಿ ಬಂದೆ.’
ತಪ್ಪು ನನ್ನದು. ಮೂರು ಎರಡಾಗಿತ್ತು.
ನಾನು ಮುಖ ಸಣ್ಣದು ಮಾಡಿ ನಿಂತಿದ್ದರೆ ವೃಷಭೇಂದ್ರಯ್ಯ
ದಡದಡ ಇಳಿದು ಬೀಗದಂಗಡಿಯವನಿಗೂ ಓದಿ ಹೇಳಿದರು.
ಸರ್ವಮಂಗಳಮ್ಮ ಕನ್ನಡಕ ಒರೆಸಿ, ಎರಡು ಸಲ ಓದಿ,
‘ಇದು ಲೆಕ್ಕಕ್ಕಿದೆ’ ಎಂದರು.

ಕೊನೆಯ ಪುಟ. ಮೊಳೆಗಳು ಹೋದದ್ದು ಸಂಗ್ರಹಾಲಯಕ್ಕಲ್ಲ,
ಮಂಡಿ ಮೊಹಲ್ಲಾದ ಗುಜರಿಗೆ, ಕೆಜಿ ಲೆಕ್ಕ.
ತಕ್ಕಡಿಗೆ ಸುರಿಯುವ ಮುನ್ನ ಲೂರ್ದಮ್ಮ
ಖಾನೆ ತಡಕಿ ೞ ಎಣಿಸಿದಳು. ಹತ್ತು.
ಮತ್ತೆ ಎಣಿಸಿದಳು.
ನನ್ನ ಸೆರಗಿನ ಗಂಟಿನ ಕಡೆ ನೋಡಲಿಲ್ಲ.

ಈಗಿನ ಕಂಪ್ಯೂಟರಿನಲ್ಲಿ ೞ ಎಷ್ಟು ಬೇಕಾದರೂ ಬರುತ್ತದಂತೆ.
ಹಾಗಾದರೆ ಪುಟ ಒಂಬತ್ತರಲ್ಲಿ
ಲೂರ್ದಮ್ಮ ಎಂದು ಜೋಡಿಸಲು
ಯಾವ ಅಕ್ಷರಕ್ಕೆ ಬರ ಬಂದಿತ್ತು?